ದಿನಕ್ಕೊಂದು ಪುಡಿಕೆ

ಬುಧವಾರ ಹನ್ನೊಂದರ ಸುಮಾರಿಗೆ ರಾಚವ್ವ ತನ್ನ ಆಡುಗಳನ್ನು ಹೊಲದಲ್ಲೇ ಬಿಟ್ಟು, ಬಿಜ್ಜರಗಿ ದಾರಿ ಹಿಡಿದು ಟಿಕೋಟಾ ಬಸ್ ಸ್ಟ್ಯಾಂಡಿನವರೆಗೂ ಓಡಿಬಂದಳು. ತಲೆಯ ಮೇಲೆ ಸೆರಗಿರಲಿಲ್ಲ.

"ಗವಂಡಿ ಬಾಂವ್ಯಾಗ ಬಿದ್ದಾನ್ರೋ! ಬಂದೇನವಾಜ ಬಿದ್ದಾನ! ಯಾರರೆ ಬರ್ರೋ!"

ಅಮೋಘಿಯ ಹೊಲದ ಹೊಸ ಬಾವಿ ಅದು. ನಲವತ್ತು ಅಡಿ ಆಳ. ತಳದಲ್ಲಿ ಮೊಳಕಾಲುದ್ದ ನೀರು, ಅದರ ಕೆಳಗೆ ಬರೀ ಕರಿಕಲ್ಲು. ಜನ ಹಗ್ಗ ಕಟ್ಟಿ ಮೇಲೆತ್ತುವ ಹೊತ್ತಿಗೆ ಬಂದೇನವಾಜನ ಜೀವ ಹೋಗಿತ್ತು.

ಬಾವಿಗೆ ಕಲ್ಲು ಕಟ್ಟುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವನೊಬ್ಬನೇ ಗವಂಡಿ. ಇಪ್ಪತ್ತು ವರ್ಷ ಬಾವಿಯ ಬಾಯಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ಕುಳಿತು ಕೆಲಸ ಮಾಡಿದವನು. ಅಂಥವನು ಸುಮ್ಮನೆ ಬಿದ್ದ ಎಂದರೆ ಯಾರು ನಂಬುತ್ತಾರೆ?

ಯಾರೂ ನಂಬಲಿಲ್ಲ. ಜಾಲಿ ಗಿಡಕ್ಕೆ ಅವನ ಚೀಲ ತೂಗುಹಾಕಿತ್ತು. ಯಾರೋ ಒಬ್ಬ ಅದರಲ್ಲಿ ಕೈಹಾಕಿ ಒಂದು ಬಾಟಲಿ ತೆಗೆದ. ಬಿರಡೆ ಬಿಚ್ಚಿದ. ಘಾಟು ವಾಸನೆ!

"ಸೆರೆ ಲೇ! ಕುಡದಾನ!"

ಅಷ್ಟೇ. ಮಧ್ಯಾಹ್ನದೊಳಗೆ ಊರು ತೀರ್ಪು ಕೊಟ್ಟು ಮುಗಿಸಿತ್ತು. ರಂಜಾನ್ ತಿಂಗಳು. ರೋಜಾ ಇದ್ದೇನೆಂದು ಊರ ಮುಂದೆ ಹೇಳಿ, ಹೊಲದಲ್ಲಿ ಕದ್ದು ಕುಡಿದು, ಬಿದ್ದು ಸತ್ತ!

ಇದು ಎಪ್ಪತ್ನಾಲ್ಕನೆಯ ಇಸವಿಯ ಮಾತು. ನಾನು ಆಗ ಟಿಕೋಟಾದ ಒಂದು ಖಾಸಗಿ ದವಾಖಾನೆಯಲ್ಲಿ ಕಂಪೌಂಡರ. ಹೆಸರು ಸಂಗಣ್ಣ. ಡಾಕ್ಟರು ವಾರಕ್ಕೆ ಮೂರು ದಿನ ವಿಜಾಪುರದಿಂದ ಬಸ್ಸಿಗೆ ಬರುತ್ತಿದ್ದರು. ಉಳಿದ ದಿನ ದವಾಖಾನೆ ಎಂದರೆ ನಾನೇ. ಜನ ನನ್ನನ್ನೂ ಡಾಕ್ಟರ್ ಎಂದೇ ಕರೆಯುತ್ತಿದ್ದರು, ನಾನೂ ಬೇಡ ಎನ್ನುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಸರ್ವಿಸು, ಸ್ವಲ್ಪ ಸೊಕ್ಕು ಇದ್ದೇ ಇತ್ತು.

ಶುಕ್ರವಾರ ಮುಂಜಾನೆ ಬಾಗಿಲು ತೆಗೆಯುವುದರೊಳಗೆ ಜಮಾದಾರ ಧೂಳಪ್ಪ ಬಂದು ನಿಂತಿದ್ದರು. ಪೊಲೀಸ್ ಚೌಕಿಯ ಜಮಾದಾರರು. ಮಾತು ಕಡಿಮೆ, ಕಣ್ಣು ಚುರುಕು. ಕಟ್ಟೆಯ ಮೇಲೆ ಒಂದು ಬಾಟಲಿ ಇಟ್ಟರು.

"ಸಂಗಣ್ಣ, ಇದನ್ನ ಮೂಸಿ ನೋಡು."

ಮೂಸಿದೆ. ನಗು ಬಂತು, ಹಿಂದೆಯೇ ಸಿಟ್ಟೂ ಬಂತು.

"ಯಾವ ಶಾಣ್ಯಾ ಇದನ್ನ ಸೆರೆ ಅಂದಾವ? ಇದು ನಮ್ಮ ದವಾಖಾನಿ ಬಾಟ್ಲಿ ಅಲ್ಲೇನ್ರಿ! ಮೈ ಕಡಿತಕ್ಕ ಹಚ್ಚೂ ಔಷಧ. ಕರ್ಪೂರ, ಸ್ಪಿರಿಟ್ ಕೂಡಿಸಿ ನಾನ ಮಾಡೇನಿ. ಇದನ್ನ ಕುಡದ್ರ ಗಂಟಲ ಸುಟ್ಟು ಹೋಗತೈತಿ."

"ಬಂದೇನವಾಜಗ ನೀ ಕೊಟ್ಟಿದ್ದೇನು?"

"ಹೌದ್ರಿ. ಐತವಾರ, ಸಂತಿ ದಿನ. ಬಾಂವಿ ಸುತ್ತ ಆ ಕಾಂಗ್ರೆಸ್ ಕಸ ಬೆಳದಿತ್ತಂತ, ಕೈಲೆ ಕಿತ್ತಾನ. ಮೈತುಂಬ ದದ್ದು ಎದ್ದಿದ್ದುವು. ಡಾಕ್ಟರ್ ನೋಡಿ ಗುಳಿಗಿ ಬರದ್ರು. ನಾ ಗುಳಿಗಿ ಕೊಟ್ಟೆ, ಇದನ್ನೂ ಕೊಟ್ಟೆ."

ಜಮಾದಾರರು ಉಸಿರು ಬಿಟ್ಟರು.

"ಹಂಗಾರ ಸೆರೆ ಅಲ್ಲ. ಆದ್ರ ತೂರಾಡತಿದ್ದ ಅಂತ ನೋಡಿದವರು ಹೇಳ್ತಾರಲ್ಲ? ಇಪ್ಪತ್ತ ವರ್ಷ ಬೀಳದಾವ ಅವತ್ತ ಯಾಕ ಬಿದ್ದ?"

"ಕೊಯ್ದು ನೋಡಿದವರು ಏನಂದ್ರು?"

"ತಲಿ ಒಡದು ಸತ್ತಾನ ಅಂದ್ರು. ಹೊಟ್ಟ್ಯಾಗಿಂದು ಪರೀಕ್ಷಾಕ್ಕ ಹೋಗೈತಿ, ಬರಾಕ ತಿಂಗಳಾನುಗಟ್ಟಲೆ ಬೇಕು. ಫೌಜದಾರ ಸಾಹೇಬ್ರಿಗಿ ನಾಳಿಗೇ ಕಾಗದ ಬೇಕಂತ. 'ಕುಡಿದ ಅಮಲಿನಲ್ಲಿ ಬಿದ್ದು ಮರಣ.' ನಾ ಸಹಿ ಮಾಡಿದ್ರ ಮುಗೀತು."

ಸಹಿ ಮಾಡದೆ ಇಲ್ಲಿಗೆ ಯಾಕೆ ಬಂದಿದ್ದಾರೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ನಿನ್ನೆ ಸಂಜೆ ಬಂದೇನವಾಜನ ಮಗಳು ಮುಮತಾಜ ಚೌಕಿಗೆ ಬಂದಿದ್ದಳಂತೆ. ಬಬಲೇಶ್ವರಕ್ಕೆ ಕೊಟ್ಟ ಹುಡುಗಿ. ಅಪ್ಪನ ಮಣ್ಣಿಗೆಂದು ಬಂದವಳಿಗೆ ಅತ್ತೆಮನೆಯಿಂದ ಸುದ್ದಿ ಬಂದಿತ್ತು: ರೋಜಾದಲ್ಲಿ ಕುಡಿದವನ ಮಗಳು ಇನ್ನು ಅಲ್ಲೇ ಇರಲಿ. ಮಣ್ಣಿಗೂ ಜನ ಬಂದಿರಲಿಲ್ಲ. ಮಸೀದಿಯ ಹಿರಿಯ ಹಸನಸಾಬ ಅಜ್ಜ ಮನೆಮನೆಗೆ ಹೋಗಿ ಕರೆದರೂ ಹತ್ತು ಮಂದಿ ಸೇರಲಿಲ್ಲ.

"ಆಕಿ ತಾಯಿ ಹೇಳಿ ಕಳಿಸ್ಯಾಳ. 'ನನ್ನ ಗಂಡ ರೋಜಾ ಮುರದಿಲ್ಲ. ಅದೊಂದು ಮಾತು ಬರದು ಕೊಡ್ರಿ, ಮತ್ತೇನೂ ಬ್ಯಾಡ.' ಇಷ್ಟ."

ಎಂಥ ಮನುಷ್ಯ ಬಂದೇನವಾಜ! ನಮ್ಮ ದವಾಖಾನೆಯ ಕಟ್ಟೆ ಕಟ್ಟಿದವನೂ ಅವನೇ.

"ನಡೀರಿ, ನಾನೂ ಬರತೇನಿ," ಎಂದು ಬಾಗಿಲಿಗೆ ಕೀಲಿ ಹಾಕಿದೆ. ಡಾಕ್ಟರು ಹನ್ನೆರಡರ ಬಸ್ಸಿಗೆ ಬರುವವರು, ಅಲ್ಲಿಯವರೆಗೆ ವೇಳೆಯಿತ್ತು.

ಬಾವಿಯ ಹತ್ತಿರ ರಾಚವ್ವ ಆಡು ಮೇಯಿಸುತ್ತಿದ್ದಳು. ಜಮಾದಾರರನ್ನು ಕಂಡದ್ದೇ ಅಳಲು ಶುರುಮಾಡಿದಳು.

"ಅಳಬ್ಯಾಡ ಬೇ. ನೋಡಿದ್ದಷ್ಟ ಹೇಳು."

"ಏನ ಹೇಳ್ಲಿ ಯಪ್ಪಾ! ಹಲಗಿ ಮ್ಯಾಲ ಕುಂತು ಕಲ್ಲ ಕೂಡಸಾಕತ್ತಿದ್ದ. ತಲಿ ಹಿಂಗ ಮುಂದ ಬಾಗತಿತ್ತು. ಮತ್ತ ದಡಕ್ನ ಎಚ್ಚರಾಗತಿದ್ದ. ಮತ್ತ ಬಾಗತಿತ್ತು. ನಾ ಆಡಿನ ಕಡೆ ತಿರುಗಿದೆ ನೋಡ್ರಿ, ಧಡ್ ಅಂತು—"

"ಯಾರರೆ ದಬ್ಬಿದ್ರೇನು?"

"ಬಾಜೂಕ ಒಂದು ಹುಳಾನೂ ಇರಲಿಲ್ಲ. ಅವನ ತಮ್ಮ ಯಾಕೂಬ ದೂರ ಕಲ್ಲ ಒಡ್ಯಾಕತ್ತಿದ್ದ."

"ತೂರಾಡತಿದ್ದ ಅಂತ ನೀನ ಅಂದೀಯಂತಲ್ಲ?"

"ಅಂದೇನಿ! ಅದಕ್ಕ ಈ ಮಂದಿ ಕುಡದಾನ ಅಂದ್ರು. ನಾ ಅಂದಿಲ್ಲ! ಮುಂಜಾನಿ ನನ್ನ ಹಂತೇಕ ಬಂದು, 'ಅಕ್ಕಾ, ಕಣ್ಣ ಕಟ್ಟಾಕತ್ತಾವ, ಇವತ್ತ ಬಿಸಲ ಬಾಳ ಐತೇನು?' ಅಂದ. ಸೆರೆ ವಾಸನಿ ಇದ್ರ ನನಗ ಗೊತ್ತಾಗತಿರಲಿಲ್ಲೇನು? ನನ್ನ ಗಂಡ ಮೂವತ್ತ ವರ್ಷ ಕುಡದು ಸತ್ತಾನ್ರಿ."

ಅಷ್ಟರಲ್ಲಿ ಹೊಲದ ಒಡೆಯ ಅಮೋಘಿ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಕೇಳುವ ಮೊದಲೇ ಮಾತು ಹಚ್ಚಿದ.

"ನನ್ನ ಯಾಕ ಕೇಳ್ತೀರಿ ಜಮಾದಾರ್ರ? ತಮ್ಮನ್ನ ಕೇಳ್ರಿ. ಮಂಗಳವಾರ ಅಣ್ಣ ತಮ್ಮ ಊರ ಕೇಳೂವಂಗ ಜಗಳ ಆಡ್ಯಾರ."

"ಅವನ್ನೂ ಕೇಳ್ತೇನಿ. ಈಗ ನೀವು ಹೇಳ್ರಿ. ಬಂದೇನವಾಜ ಕೆಲಸಾ ಹೆಂಗ ಮಾಡತಿದ್ದ?"

"ಹೋದ ವಾರ ಭೇಷ್ ಇದ್ದ. ಈ ಸೋಮವಾರ ಮಧ್ಯಾನ್ನ ಜಾಲಿ ಬುಡಕ ಬಿದ್ದು ಮಲಗಿಬಿಟ್ಟ. ಮಂಗಳವಾರ ಸುತ್ತಿಗಿ ಹೆಬ್ಬಟ್ಟಿಗೇ ಹೊಡಕೊಂಡ. ಬುಧವಾರ ಬಂದಾವನ, 'ಇವತ್ತ ಕೆಳಗಿನ ಕೆಲಸಾ ಮಾಡತೇನ್ರಿ' ಅಂದ."

"ಅಂಥಾವನ್ನ ಹಲಗಿ ಮ್ಯಾಲ ಯಾಕ ಹತ್ತಿಸಿದ್ರಿ?"

ಅಮೋಘಿ ನೆಲ ನೋಡಿದ.

"ಹಿಂಗಾರಿ ಮಳಿ ಬರೂದ್ರಾಗ ಬಾಂವಿ ಬಾಯಿ ಮುಗೀಬೇಕಿತ್ರಿ. ರೋಜಾ ಇದ್ದವರು ಸುಸ್ತ ಆಗತಾರ, ಹಂಗ ಇದ್ದೀತು ಅಂತ ತಿಳಕೊಂಡೆ. ಬೈದು ಹತ್ತಿಸಿದೆ. ನನ್ನ ನಾಲಿಗಿ ಸೇದಿ ಹೋಗಲಿ."

ಯಾಕೂಬ ಕಲ್ಲಿನ ಗುಡ್ಡೆಯ ಮೇಲೆ ಕುಳಿತಿದ್ದ. ಎರಡು ದಿನದಿಂದ ಅಲ್ಲೇ ಬಂದು ಕುಳಿತುಕೊಳ್ಳುತ್ತಾನಂತೆ, ಸುತ್ತಿಗೆ ಮುಟ್ಟುವುದಿಲ್ಲವಂತೆ.

"ಅಣ್ಣನ ಕೂಡ ಜಗಳ ಆಡಿದ್ದು ಖರೇನೋ?"

"ಖರೇ ಐತ್ರಿ. 'ನಿನ್ನ ಮೈಯಾಗ ಆರಾಮ ಇಲ್ಲ, ರೋಜಾ ಬಿಡು, ಆಮ್ಯಾಲ ಹಿಡದ್ರ ನಡೀತೈತಿ' ಅಂದೆ. 'ಇಷ್ಟಕ್ಕೆಲ್ಲಾ ಬಿಡತಾರೇನೋ' ಅಂತ ನನಗ ಬೈದ. ನಾ ಒದರಾಡಿದೆ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಅದ ಕಡೀ ಮಾತಾತ್ರಿ. ಬುಧವಾರ ನಾ ಮಾರಿ ಸೈತ ನೋಡ್ಲಿಲ್ಲ."

"ಐತವಾರದ ಮಟಾ ಹೆಂಗಿದ್ದ? ತೂಕಡಿಸತಿದ್ದನೇನು?"

"ಇಲ್ರಿ. ಹನ್ನೆರಡ ರೋಜಾ ಆಗಿದ್ದುವು, ಒಂದಿನಾನೂ ಇಲ್ಲ. ಮೈ ಕೆರಕೊಂತಿದ್ದ, ಅಷ್ಟ."

"ಸೋಮವಾರದಿಂದ ಶುರು?"

"ಹೌದ್ರಿ, ಸೋಮವಾರದಿಂದ."

ಜಮಾದಾರರು ಕಿಸೆಯಿಂದ ಪುಸ್ತಕ ತೆಗೆದು ಒಂದೇ ಶಬ್ದ ಬರೆದುಕೊಂಡರು. ಸೋಮವಾರ. ನನಗೆ ಮಾತ್ರ ಯಾಕೂಬನ ಮೇಲೆ ಸಂಶಯ ಹೋಗಿರಲಿಲ್ಲ. ಬರುವಾಗ ದಾರಿಯುದ್ದಕ್ಕೂ ಅದನ್ನೇ ಹೇಳುತ್ತ ಬಂದೆ.

ಬಂದೇನವಾಜನ ಮನೆ ಮಸೀದಿಯ ಹಿಂದೆ. ಎರಡೇ ಖೋಲಿ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊರಗಿನವರ ಮುಂದೆ ಬರುವಂತಿಲ್ಲ. ಹಾಗಾಗಿ ಒಳಬಾಗಿಲಿಗೆ ಒಂದು ಹಳೇ ಚಾದರ ಕಟ್ಟಿದ್ದರು. ಅವನ ಹೆಂಡತಿ ಪೀರಾಂಬಿ ಅದರ ಆಚೆ ಕುಳಿತಿದ್ದಳು. ನಮಗೆ ಧ್ವನಿ ಮಾತ್ರ.

"ತಂಗೀ, ಎರಡ ಮಾತ ಕೇಳೂದೈತಿ," ಎಂದರು ಜಮಾದಾರರು. "ಗಂಡಗ ದವಾಖಾನಿಯಿಂದ ಗುಳಿಗಿ ಕೊಟ್ಟಿದ್ರಲ್ಲ, ಅದಾವೇನು?"

ಮುಮತಾಜ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದು ಮುಂದಿಟ್ಟಳು. ಅದರಲ್ಲಿ ಎರಡು ತುಂಬಿದ ಪುಡಿಕೆ. ಪಕ್ಕದಲ್ಲಿ ಮೂರು ಖಾಲಿ ಕಾಗದ, ಮಡಿಕೆ ಕೆಡದಂತೆ ಜೋಡಿಸಿಟ್ಟದ್ದು.

"ಅಬ್ಬಾ ಏನೂ ಒಗೀತಿರಲಿಲ್ರಿ," ಎಂದಳು ಹುಡುಗಿ.

ನನಗೆ ಹುರುಪು ಬಂತು. ಜಮಾದಾರರಿಗೆ ತಿಳಿಸಿ ಹೇಳಿದೆ.

"ಇದು ನಂದ ಉಪಾಯ ನೋಡ್ರಿ. ಓದಾಕ ಬರದ ಮಂದಿಗಿ ಗುಳಿಗಿ ಲೆಕ್ಕ ತಪ್ಪತೈತಿ. ಅದಕ್ಕ ನಾ ಒಂದ ದಿನದ್ದು ಒಂದ ಪುಡಿಕಿ ಕಟ್ಟತೇನಿ. ಮುಂಜಾನಿದು, ಮಧ್ಯಾನ್ನದ್ದು, ರಾತ್ರೀದು, ಮೂರೂ ಅದರಾಗ. ಐದ ದಿನಕ್ಕ ಐದ ಪುಡಿಕಿ. ಸೋಮವಾರ, ಮಂಗಳವಾರ, ಬುಧವಾರ. ಮೂರು ಖಾಲಿ, ಎರಡು ಉಳದಾವ. ಹೇಳಿದಂಗ ತೊಗೊಂಡಾನ. ಬರಾಬರ ಐತಿ."

ಜಮಾದಾರರು ಮೂರನೆಯ ಖಾಲಿ ಕಾಗದವನ್ನು ಕೈಗೆತ್ತಿಕೊಂಡರು. ತಿರುವಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಚಾದರದ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಬುಧವಾರ ಗಂಡ ಏನ ತಿಂದಿದ್ದ ತಂಗಿ?"

"ನಸುಕಿನ್ಯಾಗ ಸಹರಿಗಿ ಅರ್ಧ ರೊಟ್ಟಿ, ಒಂದ ಬಟ್ಟಲ ಹಾಲು. ಆಮ್ಯಾಲ ಒಂದ ಗುಟುಕ ನೀರೂ ಇಲ್ರಿ. ಅವರು ರೋಜಾ ಮುರದಿಲ್ಲ. ನಾ ಆಣಿ ಮಾಡಿ ಹೇಳತೇನಿ ಸಾಹೇಬ್ರ, ಮುರದಿಲ್ಲ."

"ಗೊತ್ತೈತಿ ತಂಗಿ. ಮುರದಿಲ್ಲ."

ಅಷ್ಟು ಹೇಳಿ ಎದ್ದರು. ಮತ್ತೇನೂ ಕೇಳಲಿಲ್ಲ. ಆ ಖಾಲಿ ಕಾಗದ ಮಾತ್ರ ಅವರ ಕೈಯಲ್ಲೇ ಇತ್ತು.

ದವಾಖಾನೆಗೆ ಬಂದೆವು. ಜಮಾದಾರರು ಬೆಂಚಿನ ಮೇಲೆ ಕುಳಿತರು. ನಾನು ಚಹಾ ತರಿಸಲೇ ಎಂದೆ. ಬೇಡ ಎಂದರು.

"ಸಂಗಣ್ಣ, ಬಂದೇನವಾಜ ಎಷ್ಟ ಹೊತ್ತಿಗಿ ಸತ್ತ?"

"ಬುಧವಾರ, ಹತ್ತೂವರಿ."

"ಬುಧವಾರದ ಪುಡಿಕ್ಯಾಗ ಎಷ್ಟ ಗುಳಿಗಿ?"

"ಮೂರು. ಹೇಳಿದೆನಲ್ಲ—"

"ಹತ್ತೂವರಿಗಿ ಸತ್ತವನ ಮಧ್ಯಾನ್ನದ ಗುಳಿಗಿ ಎಲ್ಲಿ? ರಾತ್ರಿ ಗುಳಿಗಿ ಎಲ್ಲಿ?"

ನಾನು ಅವರ ಕೈಯಲ್ಲಿದ್ದ ಖಾಲಿ ಕಾಗದ ನೋಡಿದೆ.

"ಪುಡಿಕಿ ಖಾಲಿ ಐತಿ," ಎಂದರು ಜಮಾದಾರರು. "ನೀ ಮೂರ ದಿನ, ಮೂರ ಪುಡಿಕಿ ಅಂತ ಎಣಿಸಿ ಖುಷಿ ಪಟ್ಟಿ. ನಾನೂ ಮೊದಲ ಹಂಗ ಎಣಿಸಿದೆ. ಆದ್ರ ಮೂರನೇ ದಿನ ಇನ್ನೂ ಮುಗದ ಇರಲಿಲ್ಲಲ್ಲೋ. ರೋಜಾ ಇದ್ದವ ಹಗಲಿ ಗುಳಿಗಿ ನುಂಗೂವಂಗಿಲ್ಲ. ಕೆಲಸದ ಹೊತ್ತಿನ್ಯಾಗ ಮೈ ಕಡೀಬಾರದು. ದಿನಕ್ಕೊಂದ ಪುಡಿಕಿ ಅಂತ ದವಾಖಾನ್ಯಾಗ ಹೇಳ್ಯಾರ. ಅವ ಏನ ಮಾಡ್ಯಾನು? ಸಹರಿ ಹೊತ್ತಿಗಿ ಮೂರೂ ಕೂಡೇ ನುಂಗ್ಯಾನ. ಸೋಮವಾರ ನುಂಗಿದ, ಮಲಗಿದ. ಮಂಗಳವಾರ ನುಂಗಿದ, ಬಟ್ಟ ಜಜ್ಜಿಕೊಂಡ. ಬುಧವಾರ ನುಂಗಿ ಬಾಂವಿ ಮ್ಯಾಲ ಕುಂತ. ನೋಡಿದವರೆಲ್ಲಾ ಉಪಾಸದ ಸುಸ್ತು ಅಂದ್ರು. ಈ ಗುಳಿಗಿ ತೊಗೊಂಡ್ರ ನಿದ್ದಿ ಬರತೈತೇನು?"

ಬರುತ್ತದೆ. ಒಂದೇ ಗುಳಿಗೆಗೆ ಕಣ್ಣು ಎಳೆಯುತ್ತದೆ. ನನಗೆ ಗೊತ್ತಿಲ್ಲದ್ದೇ? ಮೈ ಕಡಿತದ ಈ ಆಂಟಿಹಿಸ್ಟಮಿನ್ ಗುಳಿಗೆ ಕೊಡುವಾಗ ಇಷ್ಟು ಹೇಳಲೇಬೇಕೆಂದು ಡಾಕ್ಟರು ನನಗೆ ಬಾಯಿಪಾಠ ಮಾಡಿಸಿದ್ದರು. ಇದು ನಿದ್ದಿ ತರತೈತಿ. ಗಾಡಿ ಹೊಡೀಬ್ಯಾಡ. ಎತ್ತರಕ್ಕ ಹತ್ತಬ್ಯಾಡ. ಸೆರೆ ಮುಟ್ಟಬ್ಯಾಡ. ಒಂದ ಹೊತ್ತಿಂದು ತಪ್ಪಿದ್ರ ಎರಡು ಕೂಡಿಸಿ ನುಂಗಬ್ಯಾಡ. ನಿನ್ನ ಗುಳಿಗಿ ಮತ್ತೊಬ್ಬರಿಗಿ ಕೊಡಬ್ಯಾಡ.

ಐತವಾರ ಸಂತೆ. ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ನೀ ಅವಗ ಏನ ಹೇಳಿದಿ?" ಜಮಾದಾರರು ಕೇಳಿದರು.

"ದಿನಕ್ಕೊಂದ ಪುಡಿಕಿ ಅಂದೆ."

"ಮತ್ತ?"

"ಮತ್ತೇನೂ ಇಲ್ರಿ."

"ಅವ ರೋಜಾ ಅದಾನ ಅಂತ ನಿನಗ ಗೊತ್ತಿರಲಿಲ್ಲೇನು?"

ಸುಳ್ಳು ಹೇಳಬಹುದಿತ್ತು. ಆ ಗದ್ದಲದಲ್ಲಿ ಅವನ ಮಾತು ಬೇರೆ ಯಾರಿಗೂ ಕೇಳಿಸಿರಲಿಲ್ಲ. ಆದರೆ ನಾನು ಅವತ್ತು ಒಂದು ಗುಳಿಗೆ, ಒಂದು ಗ್ಲಾಸು ನೀರು ಅವನ ಮುಂದೆ ಹಿಡಿದಿದ್ದೆ, ಇಲ್ಲೇ ಒಂದು ತೊಗೋ ಎಂದು. ಅವನು ನಕ್ಕು, "ಈಗ ಬ್ಯಾಡ್ರಿ, ರೋಜಾ ಐತಿ," ಎಂದಿದ್ದ. ತನ್ನ ಬಾಯಿಯಿಂದಲೇ ಹೇಳಿದ್ದ! ನಾನು ಆ ಗುಳಿಗೆ ಬಾಟಲಿಗೆ ವಾಪಸ್ ಹಾಕಿ, "ಆತ ನಡಿ, ಮುಂದಿನವರು ಬರ್ರಿ," ಎಂದಿದ್ದೆ.

ಇದನ್ನೆಲ್ಲ ಜಮಾದಾರರಿಗೆ ಹೇಳಿದೆ.

"ಅಮೋಘಿ ಬೈದು ಹತ್ತಿಸ್ಯಾನ, ಅದು ಅವನ ಪಾಲು," ಎಂದರು ಅವರು. "ಯಾಕೂಬಂದು ಏನೂ ಇಲ್ಲ, ಸೆರೆದ್ದೂ ಏನೂ ಇಲ್ಲ. ಇದರಾಗ ಒಬ್ಬರ ಹೆಸರ ಹೇಳಂದ್ರ ನಿನ್ನ ಹೆಸರ ಹೇಳಬೇಕಾಗತೈತಿ ಸಂಗಣ್ಣ. ನೀ ಬೇಕಂತ ಮಾಡಿಲ್ಲ. ಆದ್ರ ಗೊತ್ತಿದ್ದಾವ ನೀ ಒಬ್ಬನ."

ಹನ್ನೆರಡರ ಬಸ್ಸಿಗೆ ಡಾಕ್ಟರು ಬಂದರು. ಕೇಳಿ, ಚೀಲ ಕೈಯಲ್ಲಿ ಹಿಡಿದುಕೊಂಡೇ ಕುಳಿತುಬಿಟ್ಟರು. "ರೋಜಾ ಅಂತ ಹೇಳಿದ್ರ ರಾತ್ರಿ ಮಲಗೂಮುಂದ ಒಂದ ಸಾಕಾಗಿತ್ತಲ್ಲೋ. ಕೆಲಸ ಏನು ಅಂತ ನಾನರೆ ಕೇಳಬೇಕಿತ್ತು," ಎಂದರು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜಮಾದಾರರು ಎದ್ದು ಟೊಪ್ಪಿಗೆ ಹಾಕಿಕೊಂಡರು.

"ಗುಳಿಗಿ ಅಮಲಿನ್ಯಾಗ ಬಿದ್ದ, ಸೆರೆ ಅಲ್ಲ ಅಂತ ನಾ ಬರೀತೇನಿ. ಫೌಜದಾರ ಸಾಹೇಬ್ರು ಏನಾರ ಅನ್ಲಿ. ಆದ್ರ ಊರು ನನ್ನ ಕಾಗದ ಓದೂದಿಲ್ಲ. ಇನ್ನೊಂದ ಐತಿ. ಆ ನಸುಕಿನ್ಯಾಗ ಪುಡಿಕಿ ಬಿಚ್ಚಿ ಕೈಗಿ ಕೊಟ್ಟಾಕಿ ಯಾರಿದ್ದಾಳು? ನಾ ಕೇಳಲಿಲ್ಲ, ಕೇಳಾಕ ನನಗ ಆಗಲಿಲ್ಲ. ನಾಳಿ ಸುದ್ದಿ ಆಕಿ ಕಿವಿಗಿ ಬಿದ್ರ, ತನ್ನ ಕೈಯ ಗಂಡನ್ನ ಕೊಂದೈತಿ ಅಂತ ತಿಳಕೊಂತಾಳ. ಅದಕ್ಕ ನೀ ಬರಬೇಕು."

ಅಂದು ಜುಮ್ಮಾ. ನಮಾಜು ಮುಗಿದು ಜನ ಹೊರಗೆ ಬರುವ ಹೊತ್ತಿಗೆ ನಾನು ಬಂದೇನವಾಜನ ಬಾಗಿಲ ಮುಂದೆ ನಿಂತಿದ್ದೆ. ಹಸನಸಾಬ ಅಜ್ಜ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ಓಣಿ ತುಂಬಿತು. ಬಾಟಲಿ ಬಿಚ್ಚಿ ಸೆರೆ ಎಂದು ಕೂಗಿದವನೂ ಅಲ್ಲಿದ್ದ, ಅಮೋಘಿಯೂ ದೂರದಲ್ಲಿದ್ದ.

ಇಪ್ಪತ್ತಾರು ವರ್ಷ ಊರಿಗೆಲ್ಲ ಒದರಿ ಮಾತಾಡಿದ ನಾನು ಅವತ್ತು ಕೈಮುಗಿದು ನಿಂತೆ. ಎಲ್ಲ ಹೇಳಿದೆ. ಬಾಟಲಿಯಲ್ಲಿದ್ದದ್ದು ಮೈಗೆ ಹಚ್ಚುವ ಔಷಧ, ನಾನೇ ಮಾಡಿದ್ದು. ಬಂದೇನವಾಜ ಕುಡಿದಿರಲಿಲ್ಲ. ಹಲಗೆಯಿಂದ ಬೀಳುವವರೆಗೂ ರೋಜಾ ಇದ್ದ. ನಾನು ಕೊಟ್ಟ ಗುಳಿಗೆ ನಿದ್ದೆ ತರುವಂಥದ್ದು. ಬಾವಿ ಹತ್ತಬೇಡ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಮೂರು ಹೊತ್ತಿನದು ಒಂದೇ ಹೊತ್ತಿಗೆ ನುಂಗಬೇಡ ಎಂದು ಹೇಳಬೇಕಿತ್ತು, ಹೇಳಲಿಲ್ಲ. ರೋಜಾ ಅಂತ ಅವನು ಹೇಳಿದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಸನಸಾಬ ಅಜ್ಜ ಅಲ್ಲೇ ನಿಂತು ಕೈಯೆತ್ತಿ ಸತ್ತವನಿಗಾಗಿ ದುವಾ ಮಾಡಿದರು. ಒಬ್ಬೊಬ್ಬರಾಗಿ ಎಲ್ಲರ ಕೈಗಳೂ ಮೇಲೆದ್ದವು. ಮುಮತಾಜ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಬಬಲೇಶ್ವರಕ್ಕೆ ತಾನೇ ಹೋಗಿ ಹೇಳಿ ಬರುತ್ತೇನೆಂದು ಅಜ್ಜ ಆಕೆಗೆ ಮಾತು ಕೊಟ್ಟರು.

ಜನ ಕರಗಿದ ಮೇಲೆ ನಾನು ಒಳಗೆ ಹೋಗಿ ಚಾದರದ ಮುಂದೆ ನೆಲದ ಮೇಲೆ ಕುಳಿತೆ. ಆಚೆಯಿಂದ ಉಸಿರಾಟ ಕೇಳುತ್ತಿತ್ತು.

"ಮೂರೂ ನನ್ನ ಕೈಯಾಗಿಂದ ತೊಗೊಂಡ್ರು ಅಣ್ಣಾರ," ಎಂದಳು ಪೀರಾಂಬಿ. "ನಾನ ಪುಡಿಕಿ ಬಿಚ್ಚಿ ಕೊಟ್ಟೆ. ಹಾಲೂ ನಾನ ಕೊಟ್ಟೆ."

"ನಿಂದೇನೂ ತಪ್ಪಿಲ್ಲ ತಂಗಿ. ನೀ ನಾ ಹೇಳಿದಂಗ ಮಾಡೀದಿ. ತಪ್ಪ ನಂದು. ನನಗೇನ ಅಂತೀ ಅನ್ನು, ಕೇಳಾಕ ಬಂದೇನಿ."

ಬೈಯುತ್ತಾಳೆ ಎಂದು ತಲೆ ತಗ್ಗಿಸಿಯೇ ಇದ್ದೆ.

"ಎಂಟ ದಿನಾ ಮೈ ಕೆರಕೊಂಡು ಕೆರಕೊಂಡು ರಾತ್ರಿ ಕಣ್ಣ ಮುಚ್ಚಿರಲಿಲ್ಲ ಅವರು," ಎಂದಳು. "ಸೋಮವಾರ ರಾತ್ರಿ ಆರಾಮ ಮಲಗಿದ್ರು. ನಾ ಎದ್ದು ಕುಂತು ನಿಮಗ ದುವಾ ಮಾಡಿದೆ ಅಣ್ಣಾರ. ನಿಮ್ಮ ಹೆಸರ ತೊಗೊಂಡು ಮಾಡಿದೆ."